ಪಾಂಡಿತ್ಯದ ಆಚೆಯ ಬಾಲ್ಯ: ಹಳೆಯ ಚಿತ್ರಗಳ ಮರುದರ್ಶನ ಮತ್ತು ಪ್ರತ್ಯಭಿಜ್ಞೆಯ ಪ್ರಶ್ನೆ

ಕಲಾವಿದನೊಬ್ಬನು ತಾನು ನಾಲ್ಕೈದು ವರ್ಷದವನಿದ್ದಾಗ ಬಿಡಿಸಿದ ಚಿತ್ರವನ್ನೋ, ಕಲಾಶಾಲೆಯಲ್ಲಿ ಗುರುವಿನ ಕಣ್ಣೆದುರು ತಿದ್ದಿ ತೀಡಿದ ಅಭ್ಯಾಸಚಿತ್ರವನ್ನೋ ಪ್ರೌಢ ವಯಸ್ಸಿನಲ್ಲಿ ಮತ್ತೆ ತೆರೆದು ನೋಡಿ, ಅದರಿಂದ ಹೊಸ ಕೃತಿಗೆ ಪ್ರೇರಣೆ ಪಡೆಯುವುದು ಕಲೆಯ ಚರಿತ್ರೆಯಲ್ಲಿ ಅಪರೂಪವೇನಲ್ಲ. ಆದರೆ ಈ ಸಂಗತಿಯೊಳಗೆ ಅಡಗಿರುವ ತಾತ್ತ್ವಿಕ ತೊಡಕನ್ನು ಕಲಾವಿಮರ್ಶೆ ಬಹುಮಟ್ಟಿಗೆ ಬದಿಗಿಟ್ಟೇ ಮುಂದೆ ಸಾಗಿದೆ. ಆ ಹಳೆಯ ಚಿತ್ರ ಅವನದೇ ಎಂದಾದರೆ, ತನ್ನಲ್ಲಿ ಆಗಲೇ ಇದ್ದುದರಿಂದ ಅವನಿಗೆ ಹೊಸದೇನು ದೊರೆತೀತು? ಅದು ಅವನದಲ್ಲ, ಬೇರೆ ಕಣ್ಣು ಬೇರೆ ಕೈಗಳುಳ್ಳ ಮತ್ತೊಂದು ಜೀವದ್ದು ಎಂದಾದರೆ, ಅದರಿಂದ ಪಡೆದದ್ದು ಎರವಲಾಗುತ್ತದೆಯೇ ಹೊರತು ಸ್ವಂತದ ಸ್ಫೂರ್ತಿ ಹೇಗಾದೀತು? ಈ ಇಕ್ಕಟ್ಟು ಕೇವಲ ತರ್ಕದ ಆಟವಲ್ಲ. ಮನುಷ್ಯನು ಕಾಲದಲ್ಲಿ ಒಬ್ಬನೇ ಆಗಿ ಉಳಿಯುತ್ತಾನೆಯೇ, ಉಳಿಯುವುದಾದರೆ ಯಾವುದರ ಬಲದಿಂದ ಉಳಿಯುತ್ತಾನೆ ಎಂಬ, ಬೌದ್ಧರೂ ನೈಯಾಯಿಕರೂ ಕಾಶ್ಮೀರದ ಶೈವರೂ ಶತಮಾನಗಳ ಕಾಲ ವಾದಿಸಿದ ಪ್ರಶ್ನೆಯೇ ಇಲ್ಲಿ ಒಂದು ಹಳದಿಗಟ್ಟಿದ ಕಾಗದದ ರೂಪದಲ್ಲಿ ಎದುರಾಗುತ್ತದೆ.

ಈ ಪ್ರಶ್ನೆಯನ್ನು ಅತ್ಯಂತ ನೇರವಾಗಿ ಎತ್ತಿದ ಹಳೆಯ ಗ್ರಂಥಗಳಲ್ಲಿ ಪಾಲಿ ಭಾಷೆಯ ‘ಮಿಲಿಂದಪ್ರಶ್ನೆ’ ಒಂದು. ಯವನ ದೊರೆ ಮಿಲಿಂದನಿಗೂ ನಾಗಸೇನನೆಂಬ ಭಿಕ್ಷುವಿಗೂ ನಡೆದ ಸಂವಾದದ ರೂಪದಲ್ಲಿರುವ ಈ ಗ್ರಂಥದಲ್ಲಿ, ಮರುಹುಟ್ಟು ಪಡೆಯುವವನು ಮೊದಲಿನವನೇ ಅಥವಾ ಬೇರೆಯವನೇ ಎಂದು ದೊರೆ ಕೇಳಿದಾಗ, ಅವನೇ ಅಲ್ಲ, ಬೇರೆಯವನೂ ಅಲ್ಲ ಎಂದು ನಾಗಸೇನನು ಉತ್ತರಿಸಿ, ಬಳಿಕ ಅಂಗಾತ ಮಲಗಿದ್ದ ಎಳೆಗೂಸು ಇಂದಿನ ದೊರೆಯೇ ಎಂದು ತಿರುಗಿ ಕೇಳುತ್ತಾನೆ. ಆ ಕೂಸು ಬೇರೆ, ತಾನು ಬೇರೆ ಎಂದು ಮಿಲಿಂದನು ಹೇಳಿದೊಡನೆ ನಾಗಸೇನನು ಎತ್ತುವ ಆಕ್ಷೇಪಗಳಲ್ಲಿ ಒಂದು ಈ ವಿಷಯಕ್ಕೆ ನೇರವಾಗಿ ತಾಗುವಂಥದು: ಹಾಗಿದ್ದರೆ ವಿದ್ಯೆಯನ್ನು ಕಲಿಯುವವನು ಒಬ್ಬ, ಕಲಿತು ನುರಿತವನು ಇನ್ನೊಬ್ಬ ಎಂದು ಒಪ್ಪಬೇಕಾಗುತ್ತದೆ, ತಾಯಿ, ತಂದೆ, ಗುರು ಎಂಬ ಸಂಬಂಧಗಳೂ ಉಳಿಯುವುದಿಲ್ಲ. ರಾತ್ರಿಯ ಮೂರು ಜಾವಗಳಲ್ಲಿ ಉರಿಯುವ ದೀಪದ ಜ್ವಾಲೆ ಒಂದೇ ಅಲ್ಲ, ಬೇರೆಯೂ ಅಲ್ಲ, ಒಂದೇ ದೀಪವನ್ನು ಆಶ್ರಯಿಸಿ ಒಂದರ ಬೆನ್ನಿಗೆ ಒಂದು ಹುಟ್ಟುವಂಥದು ಎಂಬುದು ಅವನ ಪ್ರಸಿದ್ಧ ನಿದರ್ಶನ.

ಈ ನಿದರ್ಶನ ನಿರಂತರತೆಯನ್ನು ಚೆನ್ನಾಗಿ ವಿವರಿಸುತ್ತದೆ. ಆದರೆ ಮರಳಿ ನೋಡುವುದನ್ನು ವಿವರಿಸುವುದಿಲ್ಲ. ಕೊನೆಯ ಜಾವದ ಜ್ವಾಲೆಗೆ ಮೊದಲ ಜಾವದ ಜ್ವಾಲೆಯನ್ನು ಎದುರಿಗಿಟ್ಟುಕೊಂಡು ಇದು ತಾನೇ ಎಂದು ಹೇಳುವ ಸಂದರ್ಭ ಎಂದೂ ಬಾರದು. ಚಿತ್ರಕಾರನಿಗೆ ಮಾತ್ರ ಆ ಸಂದರ್ಭ ಬರುತ್ತದೆ, ಏಕೆಂದರೆ ಅವನ ಹಿಂದಿನ ಕ್ಷಣ ಕಾಗದದ ಮೇಲೆ ಕುಳಿತು ಇಂದಿನ ಕ್ಷಣದವರೆಗೆ ಬಂದಿರುತ್ತದೆ. ನೆನಪು ತನ್ನ ವಿಷಯವನ್ನು ಪ್ರತಿ ಸಲವೂ ಸ್ವಲ್ಪ ತಿದ್ದಿ ಮುಂದಿಡುವಂಥದಾದರೆ, ಚಿತ್ರ ತಿದ್ದಿಸಿಕೊಳ್ಳದೆ ಉಳಿದ ಸಾಕ್ಷಿ. ಆದುದರಿಂದ ಹಳೆಯ ಚಿತ್ರವನ್ನು ನೋಡುವುದು ಬಾಲ್ಯವನ್ನು ನೆನೆಯುವುದಕ್ಕಿಂತ ಭಿನ್ನವಾದ, ಹಲವು ಸಲ ಅದಕ್ಕೆ ವಿರುದ್ಧವಾಗಿ ನಿಲ್ಲುವ ಅನುಭವವಾಗುತ್ತದೆ.

ಈ ಅನುಭವಕ್ಕೆ ಆಧುನಿಕ ಕಲೆಯಲ್ಲಿ ದೊರೆಯುವ ಅತ್ಯಂತ ಸ್ಪಷ್ಟ ಉದಾಹರಣೆ ಪಾಲ್ ಕ್ಲೇ. 1879ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಸಮೀಪ ಸಂಗೀತಗಾರರ ಮನೆಯಲ್ಲಿ ಹುಟ್ಟಿದ ಕ್ಲೇಗೆ ಬಣ್ಣ ಮತ್ತು ಸೀಸದಕಡ್ಡಿಗಳ ಪರಿಚಯ ಮಾಡಿಸಿದವಳು ಅವನ ಅಜ್ಜಿ. ಅವನು 1898ರಲ್ಲಿ ಮ್ಯೂನಿಕ್‌ಗೆ ಹೋಗಿ ಮೊದಲು ಹೈನ್ರಿಖ್ ಕ್ನಿರ್‌ನ ಖಾಸಗಿ ಶಾಲೆಯಲ್ಲಿ, ಆಮೇಲೆ ಅಲ್ಲಿನ ಕಲಾ ಅಕಾಡೆಮಿಯಲ್ಲಿ ಫ್ರಾನ್ಸ್ ಫಾನ್ ಶ್ಟುಕ್‌ನ ಕೈಕೆಳಗೆ ಕಲಿತು, 1901ರ ಶರತ್ಕಾಲದಿಂದ ಸುಮಾರು ಅರ್ಧ ವರ್ಷ ಇಟಲಿಯ ಮಹಾಕೃತಿಗಳನ್ನು ನೋಡುತ್ತ ಅಲೆದು, 1902ರಲ್ಲಿ ತಂದೆತಾಯಿಯರ ಮನೆಗೆ ಮರಳಿದನು. ಇಟಲಿ ಅವನನ್ನು ಬೆಳಗಿಸಿದ್ದಕ್ಕಿಂತ ಹೆಚ್ಚಾಗಿ ಕುಗ್ಗಿಸಿತ್ತು. ಇಷ್ಟೆಲ್ಲ ಆಗಿಹೋಗಿರುವಾಗ ತನಗೆ ಉಳಿದದ್ದೇನು ಎಂಬ ಭಾವ ಅವನ ಆ ಕಾಲದ ದಿನಚರಿಯಲ್ಲಿ ತುಂಬಿದೆ. ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ, ಮುಂದೆ ಅವನ ಹೆಂಡತಿಯಾಗಲಿದ್ದ ಲಿಲಿ ಶ್ಟುಂಫ್‌ಗೆ ಬರೆದ ಪತ್ರದಲ್ಲಿ, ಮನೆಯಲ್ಲಿ ತನ್ನ ಚಿಕ್ಕಂದಿನ ಚಿತ್ರಗಳು ಸಿಕ್ಕವೆಂದೂ, ತಾನು ಈವರೆಗೆ ಮಾಡಿದ್ದರಲ್ಲಿ ಗಣನೀಯವಾದವು ಅವೇ ಎಂದೂ, ಅವುಗಳಲ್ಲಿ ಒಂದು ಶೈಲಿಯೂ ಮುಗ್ಧ ದೃಷ್ಟಿಯೂ ಇವೆಯೆಂದೂ, ಇಟಲಿ ಅಥವಾ ನೆದರ್ಲೆಂಡಿನ ಗುರುಗಳ ನೆರಳು ಅವುಗಳ ಮೇಲೆ ಬಿದ್ದಿಲ್ಲವೆಂದೂ ಅವನು ತಿಳಿಸುತ್ತಾನೆ. ಆಗ ಅವನಿಗೆ 22 ವರ್ಷ.

ಇಲ್ಲಿ ಗಮನಿಸಬೇಕಾದದ್ದು, ಚಿತ್ರಗಳು ಎಲ್ಲಿಂದಲೋ ಬಂದವಲ್ಲ ಎಂಬುದು. ಅವು ಅದೇ ಮನೆಯಲ್ಲಿ ಇದ್ದವು. ಕ್ಲೇ ಮ್ಯೂನಿಕ್‌ಗೆ ಹೊರಡುವ ಮುನ್ನವೂ ಅವನ್ನು ನೋಡಬಹುದಾಗಿತ್ತು, ಬಹುಶಃ ನೋಡಿಯೂ ಇದ್ದಿರಬಹುದು. ವಸ್ತುವಿನಲ್ಲಿ ಏನೂ ಬದಲಾಗದೆ ನೋಟದಲ್ಲಿ ಮಾತ್ರ ಬದಲಾವಣೆಯಾಗುವ ಈ ಬಗೆಯ ಅರಿವಿಗೆ ಭಾರತೀಯ ದರ್ಶನಗಳು ಪ್ರತ್ಯಭಿಜ್ಞೆ ಎಂಬ ಹೆಸರಿಟ್ಟಿವೆ. ಎದುರಿಗಿರುವುದನ್ನು ಇಂದ್ರಿಯದಿಂದ ಕಾಣುವುದು ಪ್ರತ್ಯಕ್ಷ, ಎದುರಿಗಿಲ್ಲದ್ದನ್ನು ಹಿಂದಿನ ಸಂಸ್ಕಾರದ, ಎಂದರೆ ಅನುಭವ ಬಿಟ್ಟುಹೋದ ಗುರುತಿನ, ಬಲದಿಂದ ತಂದುಕೊಳ್ಳುವುದು ಸ್ಮೃತಿ. ಎದುರಿಗಿರುವುದನ್ನೇ ಹಿಂದೆ ಅರಿತದ್ದರೊಡನೆ ಒಂದುಗೂಡಿಸಿ ಇವನು ಆ ದೇವದತ್ತನೇ ಎಂದು ನಿಶ್ಚಯಿಸುವುದು ಪ್ರತ್ಯಭಿಜ್ಞೆ. ನೈಯಾಯಿಕರು, ಎಂದರೆ ಗೌತಮನ ನ್ಯಾಯಸೂತ್ರಗಳನ್ನು ಅನುಸರಿಸುವ ತಾರ್ಕಿಕರು, ಈ ಅರಿವನ್ನೇ ಆತ್ಮದ ಇರವಿಗೆ ಸಾಧಕವಾಗಿ ಬಳಸಿದರು: ಹಿಂದೆ ಕಂಡವನೂ ಈಗ ಮುಟ್ಟುತ್ತಿರುವವನೂ ಒಬ್ಬನೇ ಆಗಿರದಿದ್ದರೆ ಎರಡನ್ನು ಜೋಡಿಸುವ ಅರಿವು ಹುಟ್ಟುತ್ತಿರಲಿಲ್ಲ ಎಂಬುದು ಅವರ ವಾದದ ತಿರುಳು. ಬೌದ್ಧರು ಇದನ್ನು ಒಪ್ಪಲಿಲ್ಲ. ಒಂದು ಕ್ಷಣದ ಸಂಸ್ಕಾರ ಮುಂದಿನ ಕ್ಷಣಕ್ಕೆ ದಾಟುವುದಷ್ಟೇ ಸಾಕು, ಜೋಡಿಸುವವನೊಬ್ಬ ಬೇಕಿಲ್ಲ ಎಂದರು.

ಹತ್ತನೆಯ ಶತಮಾನದಲ್ಲಿ ಕಾಶ್ಮೀರದ ಉತ್ಪಲದೇವನು ‘ಈಶ್ವರಪ್ರತ್ಯಭಿಜ್ಞಾಕಾರಿಕೆ’ ಎಂಬ ಗ್ರಂಥದಲ್ಲಿ ಬೌದ್ಧರ ಈ ಉತ್ತರವನ್ನು ಎತ್ತಿಕೊಂಡು, ಸಂಸ್ಕಾರವು ಹಿಂದಿನ ವಿಷಯವನ್ನು ಹೋಲುವ ಒಂದು ಅರಿವನ್ನು ಹುಟ್ಟಿಸಬಲ್ಲದೇ ಹೊರತು ಅದು ಹಿಂದಿನ ಅನುಭವ ಎಂಬ ತಿಳಿವನ್ನು ಕೊಡಲಾರದು, ಆದುದರಿಂದ ಅರಿವುಗಳೆಲ್ಲವನ್ನೂ ತನ್ನೊಳಗೆ ಹಿಡಿದಿರುವ ಒಂದೇ ಚೈತನ್ಯವನ್ನು ಒಪ್ಪದೆ ಸ್ಮೃತಿ ಎಂಬುದೇ ಸಾಧ್ಯವಿಲ್ಲ ಎಂದು ವಾದಿಸಿದನು. ಮುಂದೆ ಅಭಿನವಗುಪ್ತನು ವ್ಯಾಖ್ಯಾನ ಬರೆದು ಬೆಳೆಸಿದ ಈ ದರ್ಶನದಲ್ಲಿ ಪ್ರತ್ಯಭಿಜ್ಞೆಯೇ ಮೋಕ್ಷದ ಮಾರ್ಗ. ಜೀವನು ಹೊಸದಾಗಿ ಶಿವನಾಗಬೇಕಿಲ್ಲ, ತಾನು ಶಿವನೇ ಎಂಬುದನ್ನು ಗುರುತಿಸಬೇಕಷ್ಟೆ. ಗ್ರಂಥದ ಕೊನೆಯಲ್ಲಿ ಉತ್ಪಲದೇವನು ಒಂದು ದೃಷ್ಟಾಂತ ಕೊಡುತ್ತಾನೆ. ನಾಯಕನೊಬ್ಬನ ಗುಣಗಳನ್ನು ಕೇಳಿ ಅವನಲ್ಲಿ ಅನುರಕ್ತಳಾದ ಹೆಣ್ಣೊಬ್ಬಳು ಹಂಬಲಿಸಿ ಕರೆದು, ಅವನು ಬಂದು ಬಳಿಯಲ್ಲೇ ನಿಂತಿದ್ದರೂ ಅವನನ್ನು ಯಾರೋ ಒಬ್ಬ ಸಾಮಾನ್ಯನೆಂದೇ ಕಾಣುತ್ತಿರುವವರೆಗೆ ಆ ಸಾನ್ನಿಧ್ಯದಿಂದ ಅವಳಿಗೆ ಯಾವ ಸುಖವೂ ಇಲ್ಲ. ಇವನೇ ಅವನು ಎಂಬ ಅರಿವು ಮೂಡಿದಾಗ ಮಾತ್ರ ಎದುರಿಗಿದ್ದುದು ಫಲಿಸುತ್ತದೆ. ಇದ್ದುದು ಮೊದಲೂ ಇತ್ತು, ಕಂಡದ್ದೂ ಕಂಡೇ ಇತ್ತು, ಆದರೂ ಗುರುತಿಸುವಿಕೆಗೆ ಮೊದಲು ಅದು ಇಲ್ಲದಷ್ಟೇ ಆಗಿತ್ತು ಎಂಬ ಈ ಮಾತು ಮೊದಲು ಎತ್ತಿದ ಇಕ್ಕಟ್ಟನ್ನು ಬಿಡಿಸುತ್ತದೆ. ಹಳೆಯ ಚಿತ್ರ ಕಲಾವಿದನದೇ ಆಗಿರಬಹುದು, ಆದರೂ ಅದರಿಂದ ಅವನಿಗೆ ದೊರೆಯುವುದು ಹೊಸದೇ ಆಗಿರಬಹುದು, ಏಕೆಂದರೆ ಹೊಸತು ಇರುವುದು ಚಿತ್ರದಲ್ಲಲ್ಲ, ಗುರುತಿಸುವ ಕ್ರಿಯೆಯಲ್ಲಿ.

ಉತ್ಪಲದೇವನ ದೃಷ್ಟಾಂತದಲ್ಲಿ ನಾಯಕನ ಗುಣಗಳನ್ನು ಮೊದಲೇ ಕೇಳಿ ತಿಳಿದಿರುವುದು ಗುರುತಿಸಲು ಅಗತ್ಯವಾದ ಸಿದ್ಧತೆ. ಕ್ಲೇಯ ಮಟ್ಟಿಗೆ ಈ ಸಿದ್ಧತೆಯನ್ನು ಒದಗಿಸಿದ್ದು ಅವನು ಬೇಸತ್ತಿದ್ದ ಆ ಶಿಕ್ಷಣವೇ. ನಗ್ನ ದೇಹವನ್ನು ನೋಡಿ ನೋಡಿ ಬರೆದು, ಅಂಗರಚನೆಯನ್ನು ಕಲಿತು, ಮಹಾಕೃತಿಗಳ ಎದುರು ಸೋತು ನಿಂತವನಿಗೆ ಮಾತ್ರ ‘ಕೊಡೆ ಹಿಡಿದ ಹೆಂಗಸು’ ಎಂಬ ತನ್ನ ನಾಲ್ಕೈದರ ವಯಸ್ಸಿನ ಚಿತ್ರದಲ್ಲಿ ಒಂದು ಶೈಲಿ ಕಂಡೀತು. ಮಗುವಿಗೆ ಅದು ಶೈಲಿಯಲ್ಲ, ಹೆಂಗಸು ಮತ್ತು ಕೊಡೆ. ಇನ್ನೂ ಗಮನಾರ್ಹವೆಂದರೆ, 1902ರ ಆ ಗುರುತಿಸುವಿಕೆಯ ಬೆನ್ನಿಗೇ ಕ್ಲೇ ಮಕ್ಕಳಂತೆ ಬರೆಯಲು ತೊಡಗಲಿಲ್ಲ. 1903ರಿಂದ 1905ರ ನಡುವೆ ಅವನು ಮಾಡಿದ ‘ಇನ್ವೆನ್ಷನ್ಸ್’ ಎಂಬ ಲೋಹಫಲಕದ ಎಚ್ಚಿಂಗ್ ಚಿತ್ರಗಳು ಸ್ನಾಯು, ಕೀಲು, ತೊಗಲಿನ ಸುಕ್ಕುಗಳನ್ನೂ ಬಿಡದೆ ಕೊರೆದ, ಕಹಿ ವ್ಯಂಗ್ಯದ ಚಿತ್ರಗಳು. ಮಗುವಿನ ಕೈಗೂ ಅವಕ್ಕೂ ಯಾವ ಹೋಲಿಕೆಯೂ ಇಲ್ಲ. ಹಳೆಯ ಚಿತ್ರಗಳಿಂದ ಪಡೆದದ್ದು ಅವನ ರೇಖೆಯಲ್ಲಿ ನೆಲೆಗೊಳ್ಳಲು ಒಂದು ದಶಕವೇ ಬೇಕಾಯಿತು. ತನ್ನ ಕೃತಿಗಳು ಎಲ್ಲಿಯಾದರೂ ಆದಿಮವೆನಿಸಿದರೆ ಅದು ಎಲ್ಲವನ್ನೂ ಕೆಲವೇ ಹೆಜ್ಜೆಗಳಿಗೆ ಇಳಿಸುವ ಶಿಸ್ತಿನಿಂದ ಬಂದದ್ದು, ನಿಜವಾದ ಆದಿಮತೆಗೆ ಅದು ವಿರುದ್ಧ ಎಂಬ ಅರ್ಥದ ಟಿಪ್ಪಣಿ ಅವನ 1909ರ ದಿನಚರಿಯಲ್ಲಿದೆ. ಹಳೆಯ ಚಿತ್ರದ ಕಟ್ಟನ್ನು ಬಿಚ್ಚಿದ ಸಂಜೆಯೇ ಹೊಸ ಕೃತಿ ಹುಟ್ಟಿಬಿಡುತ್ತದೆ ಎಂದು ಉಪದೇಶಿಸುವ ಇಂದಿನ ಸ್ಫೂರ್ತಿಪುಸ್ತಕಗಳು ಈ ದಶಕವನ್ನು ಲೆಕ್ಕಕ್ಕೆ ಹಿಡಿದಂತೆ ಕಾಣುವುದಿಲ್ಲ.

ಬಾಲ್ಯ ಕಲಿಕೆಯ ಹಿಂದಿನದಲ್ಲ, ಅದರ ಆಚೆಯದು ಎಂಬ ಈ ವಿಚಾರಕ್ಕೆ ಉಪನಿಷತ್ತಿನಲ್ಲೇ ಒಂದು ಗಟ್ಟಿ ಆಧಾರವಿದೆ. ಬೃಹದಾರಣ್ಯಕ ಉಪನಿಷತ್ತಿನ ಮೂರನೆಯ ಅಧ್ಯಾಯದಲ್ಲಿ ಕಹೋಲನ ಪ್ರಶ್ನೆಗೆ ಉತ್ತರವಾಗಿ ಯಾಜ್ಞವಲ್ಕ್ಯನು, ಪಾಂಡಿತ್ಯವನ್ನು ಪೂರ್ಣವಾಗಿ ಸಂಪಾದಿಸಿದ ಬಳಿಕ ಬ್ರಹ್ಮಜ್ಞನು ಬಾಲ್ಯದಲ್ಲಿ ನೆಲೆಸಲು ಬಯಸಬೇಕೆಂದೂ, ಬಾಲ್ಯ ಪಾಂಡಿತ್ಯಗಳೆರಡನ್ನೂ ಮುಗಿಸಿ ಮುನಿಯಾಗಬೇಕೆಂದೂ ಹೇಳುತ್ತಾನೆ. ಅನುಕ್ರಮವೇ ಇಲ್ಲಿ ಮುಖ್ಯ. ಲೋಕದ ಎಣಿಕೆಯಲ್ಲಿ ಬಾಲ್ಯ ಮೊದಲು, ಪಾಂಡಿತ್ಯ ಆಮೇಲೆ. ಉಪನಿಷತ್ತಿನ ಎಣಿಕೆಯಲ್ಲಿ ಪಾಂಡಿತ್ಯ ಮೊದಲು, ಬಾಲ್ಯ ಆಮೇಲೆ. ಈ ಮಾತು ಮುಂದೆ ಬ್ರಹ್ಮಸೂತ್ರಗಳಲ್ಲಿ ಚರ್ಚೆಗೆ ಬಂದಾಗ, ಜ್ಞಾನಿಯು ಮಗುವಿನ ಯಾವ ಗುಣವನ್ನು ತಾಳಬೇಕು ಎಂಬ ಸಂದೇಹ ಎದ್ದಿತು: ಹೊತ್ತುಗೊತ್ತಿಲ್ಲದೆ ತಿನ್ನುವುದು, ಎಲ್ಲೆಂದರಲ್ಲಿ ಮಲಮೂತ್ರ ಮಾಡುವುದು ಮುಂತಾದ ಸ್ವೇಚ್ಛೆಯೂ ಮಗುವಿನದೇ ತಾನೆ? ಶಂಕರರ ಭಾಷ್ಯ ಈ ಅರ್ಥವನ್ನು ತಳ್ಳಿಹಾಕಿ, ತನ್ನ ವಿದ್ಯೆಯನ್ನೂ ಹಿರಿಮೆಯನ್ನೂ ಹೊರಗೆ ತೋರಿಸಿಕೊಳ್ಳದೆ, ದಂಭ ದರ್ಪಗಳಿಲ್ಲದೆ ಇರುವುದೇ ಇಲ್ಲಿ ಹೇಳಿದ ಬಾಲ್ಯ ಎಂದು ನಿರ್ಣಯಿಸುತ್ತದೆ. ಹಾಗೆ ನೋಡಿದರೆ ಮಗುವಿನ ಚಿತ್ರದಲ್ಲಿ ಪ್ರೌಢ ಕಲಾವಿದನು ಅರಸಬೇಕಾದದ್ದು ಅದರ ಸೊಟ್ಟ ಗೆರೆಯನ್ನಲ್ಲ, ಬೆರಳುಗಳ ಲೆಕ್ಕ ತಪ್ಪಿದ ಕೈಯನ್ನಲ್ಲ. ಅವು ಸ್ವೇಚ್ಛೆಯ ಕಡೆಗೆ ಸೇರುವಂಥವು. ನೋಡುವವರ ಮೆಚ್ಚುಗೆಯನ್ನು ಎಣಿಸದೆ ಬರೆದ ಆ ನಿಲುವು ಮಾತ್ರ ಅವನಿಗೆ ಬೇಕಾದದ್ದು.

ಇಷ್ಟು ಹೇಳಿದ ಮೇಲೆ ಕ್ಲೇಯ ಬದುಕಿನ ಎರಡನೆಯ ಸಂಗತಿ ಹೆಚ್ಚು ಕಠಿಣವಾದ ಪ್ರಶ್ನೆಯನ್ನು ಮುಂದಿಡುತ್ತದೆ. 1911ರಲ್ಲಿ ಅವನು ತನ್ನ ಕೃತಿಗಳೆಲ್ಲದರ ಪಟ್ಟಿಯೊಂದನ್ನು ಸ್ವಂತ ಕೈಬರಹದಲ್ಲಿ ಆರಂಭಿಸಿದನು. ಮುಂದೆ ಜೀವಮಾನವಿಡೀ ಸಾಗಿ ಸಾವಿರಾರು ಕೃತಿಗಳನ್ನು ಒಳಗೊಂಡ ಆ ಪಟ್ಟಿಯ ಮೊದಲ 18 ಸ್ಥಾನಗಳನ್ನು ಅವನು ಕೊಟ್ಟದ್ದು ಬಾಲ್ಯದ ಚಿತ್ರಗಳಿಗೆ. ಕಲಾಶಾಲೆಯಲ್ಲಿ ಗುರುಗಳ ಮಾರ್ಗದರ್ಶನದಲ್ಲಿ ಮಾಡಿದ ಅಭ್ಯಾಸಗಳನ್ನು ಮಾತ್ರ ಸ್ವತಂತ್ರ ಕೃತಿಗಳಲ್ಲವೆಂದು ಬಹುತೇಕ ಹೊರಗಿಟ್ಟನು. ಮಗು ಕ್ಲೇ ಕಲಾವಿದ, ಪ್ರೌಢ ಕ್ಲೇ ಕಲಾವಿದ, ನಡುವಿನ ವಿದ್ಯಾರ್ಥಿ ಮಾತ್ರ ಯಾರೂ ಅಲ್ಲ. ನಾಗಸೇನನ ಆಕ್ಷೇಪ ಇಲ್ಲಿ ಹೊಸ ರೂಪದಲ್ಲಿ ಮರಳುತ್ತದೆ: ಕಲಿತವನು ಯಾರು?

ಭಾರತೀಯ ಕಾವ್ಯಮೀಮಾಂಸೆ ಈ ಬಗೆಯ ಕತ್ತರಿಸುವಿಕೆಗೆ ಒಪ್ಪುವುದಿಲ್ಲ. ಹನ್ನೊಂದನೆಯ ಶತಮಾನದ ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ಕಾವ್ಯದ ಹುಟ್ಟಿಗೆ ಹೇಳುವುದು ಮೂರನ್ನು: ಹುಟ್ಟಿನಿಂದಲೇ ಬಂದ ಶಕ್ತಿ, ಲೋಕವನ್ನೂ ಶಾಸ್ತ್ರ ಕಾವ್ಯಗಳನ್ನೂ ನೋಡಿ ಪಡೆದ ನಿಪುಣತೆ, ಬಲ್ಲವರಿಂದ ಕಲಿತು ಮಾಡುವ ಅಭ್ಯಾಸ. ಇವು ಮೂರು ಬೇರೆ ಬೇರೆ ಕಾರಣಗಳಲ್ಲ, ಮೂರೂ ಕೂಡಿ ಒಂದೇ ಕಾರಣ ಎಂದು ಅವನು ಒತ್ತಿ ಹೇಳಿದ್ದಾನೆ. ಇದಕ್ಕೂ ಮೊದಲು ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡನಾಡಿನ ಜನ ಕಾವ್ಯವನ್ನು ಓದಿ ಕಲಿಯದಿದ್ದರೂ ಕಾವ್ಯಪ್ರಯೋಗದಲ್ಲಿ ನುರಿತವರೆಂದು ಹೊಗಳುತ್ತ, ಆ ಹೊಗಳಿಕೆಯಲ್ಲಿ ಎಳೆಯ ಮಕ್ಕಳನ್ನೂ ಸೇರಿಸಿಕೊಳ್ಳುತ್ತದೆ, ಆದರೆ ಹಾಗೆ ಹೊಗಳಿದ ಗ್ರಂಥವೇ ಮುಂದೆ ಗುಣದೋಷಗಳನ್ನೂ ಅಲಂಕಾರಗಳನ್ನೂ ಉದಾಹರಣೆ ಸಹಿತ ಕಲಿಸುವ ಪಠ್ಯ ಎಂಬುದನ್ನು ಮರೆಯಲಾಗದು. ಕಲಿಯದ ಜಾಣ್ಮೆಯನ್ನು ಮೆಚ್ಚುವುದಕ್ಕೂ ಕಲಿಸುವುದಕ್ಕೂ ನಡುವೆ ವಿರೋಧವನ್ನು ಗ್ರಂಥಕರ್ತ ಶ್ರೀವಿಜಯನು ಕಂಡಂತಿಲ್ಲ.

ಕ್ಲೇ ಮಾಡಿದ ಆಯ್ಕೆಯ ಹಿಂದಿನ ಮನೋಧರ್ಮವನ್ನು ಅರ್ಥ ಮಾಡಿಕೊಳ್ಳುವುದು ಮಾತ್ರ ಕಷ್ಟವಲ್ಲ. ಬಾಲ್ಯದ ಚಿತ್ರವನ್ನು ಪ್ರೀತಿಸುವುದು ಸುಲಭ, ಏಕೆಂದರೆ ಅದರ ದೋಷಗಳಿಗೆ ಮಗು ಹೊಣೆಯಲ್ಲ. ವಿದ್ಯಾರ್ಥಿ ದೆಸೆಯ ಚಿತ್ರವನ್ನು ಎದುರಿಸುವುದು ಕಷ್ಟ, ಏಕೆಂದರೆ ಅದರಲ್ಲಿ ಕಾಣುವ ಅನುಕರಣೆ, ಮೆಚ್ಚಿಸುವ ಆತುರ, ಅಂಕದ ಆಸೆ ಎಲ್ಲವೂ ತನ್ನವೇ. ಕರ್ನಾಟಕದ ಶಾಲೆಗಳಲ್ಲಿ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಎಂದು ಕರೆಯುವ ಚಿತ್ರಕಲಾ ಪರೀಕ್ಷೆಗಳಿಗೆ ಕುಳಿತವರ ಹಳೆಯ ಡ್ರಾಯಿಂಗ್ ಹಾಳೆಗಳಲ್ಲಿ ಹೂಜಿ, ಲೋಟ, ಹಣ್ಣುಗಳು ಒಂದೇ ಕಡೆಯಿಂದ ಬೆಳಕು ಬಿದ್ದು ಒಂದೇ ಬಗೆಯ ಶೇಡಿಂಗಿನಲ್ಲಿ ನಿಂತಿರುತ್ತವೆ. ಬರೆದವರು ಯಾರೆಂದು ಹಾಳೆಯ ಮೂಲೆಯಲ್ಲಿನ ಹೆಸರಿನ ಹೊರತು ಬೇರಾವುದೂ ಹೇಳದು. ಆದರೂ ಪ್ರತ್ಯಭಿಜ್ಞೆಯ ದೃಷ್ಟಿಯಿಂದ ಇಂಥ ಹಾಳೆಗಳೇ ಹೆಚ್ಚು ಬೆಲೆಯುಳ್ಳವು ಎಂದು ವಾದಿಸಬಹುದು. ಮಗುವಿನ ಚಿತ್ರದಲ್ಲಿ ತನ್ನತನ ಸಲೀಸಾಗಿ ಕಾಣಿಸುತ್ತದೆ. ಗುರುವಿನ ಮಾದರಿಯನ್ನು ಒಪ್ಪಿಸುವ ಚಿತ್ರದಲ್ಲಿ ಎಲ್ಲೋ ಒಂದು ಕಡೆ ಕೈ ಒಪ್ಪದೆ ಹೋದದ್ದು, ನೆರಳನ್ನು ಬೇಕಾದ್ದಕ್ಕಿಂತ ಕಪ್ಪಾಗಿಸಿದ್ದು, ಹಿನ್ನೆಲೆಯ ಖಾಲಿ ಜಾಗವನ್ನು ತುಂಬದೆ ಬಿಟ್ಟದ್ದು ಕಂಡರೆ, ಅಲ್ಲಿ ಗುರುತಿಗೆ ಸಿಗುವುದು ಒತ್ತಡದ ನಡುವೆಯೂ ಉಳಿದ ಒಲವು. ಇವೆರಡರ ನಡುವೆ ಮೂರನೆಯ ಬಗೆಯೊಂದಿದೆ. ಕ್ಲೇಯ ಶಾಲಾ ದಿನಗಳ ಪುಸ್ತಕಗಳ ಅಂಚಿನ ತುಂಬ ಅವನು ಗೀಚಿದ ವ್ಯಂಗ್ಯಚಿತ್ರಗಳಿವೆ. ಪಾಠದ ನಡುವೆ ಯಾರಿಗೂ ತೋರಿಸಲೆಂದಲ್ಲದೆ, ಹಲವು ಸಲ ಮೇಷ್ಟರ ಕಣ್ಣು ತಪ್ಪಿಸಿ ಮೂಡುವ ಇಂಥ ಗೀಚುಗಳು ಮುಗ್ಧವೂ ಅಲ್ಲ, ಶಿಕ್ಷಿತವೂ ಅಲ್ಲ. ಬ್ರಹ್ಮಸೂತ್ರದ ಭಾಷ್ಯ ಹೇಳುವ ತೋರಿಸಿಕೊಳ್ಳದಿರುವಿಕೆಗೆ ಅವು ಬೇರೆಲ್ಲದಕ್ಕಿಂತ ಹತ್ತಿರ.

ಪಿಕಾಸೊ ಈ ವಿಷಯದಲ್ಲಿ ಕ್ಲೇಗೆ ನೇರ ಎದುರು. ಚಿತ್ರಕಲೆಯ ಮೇಷ್ಟರಾಗಿದ್ದ ತಂದೆಯಿಂದ ಎಳವೆಯಲ್ಲೇ ತರಬೇತಿ ಪಡೆದ ಅವನು 1897ರಲ್ಲಿ, ಇನ್ನೂ ಹದಿನಾರು ತುಂಬುವ ಮೊದಲೇ, ‘ವಿಜ್ಞಾನ ಮತ್ತು ದಾನ’ ಎಂಬ ದೊಡ್ಡ ಅಕಾಡೆಮಿಕ್ ತೈಲಚಿತ್ರವನ್ನು ಬರೆದು ಮುಗಿಸಿದ್ದನು. ಬಾರ್ಸಿಲೋನಾದಲ್ಲಿ ಕುಟುಂಬದವರು ಕಾಪಾಡಿಕೊಂಡು ಬಂದಿದ್ದ ಬಾಲ್ಯ ಮತ್ತು ವಿದ್ಯಾರ್ಥಿ ಕಾಲದ ನೂರಾರು ಕೃತಿಗಳನ್ನು 1970ರಲ್ಲಿ ಅವನು ಆ ನಗರದ ತನ್ನ ಹೆಸರಿನ ಸಂಗ್ರಹಾಲಯಕ್ಕೆ ಒಪ್ಪಿಸಿದನು. ಸರ್ವಾಧಿಕಾರಿ ಫ್ರಾಂಕೊನ ಆಡಳಿತವಿರುವವರೆಗೆ ಸ್ಪೇನಿಗೆ ಕಾಲಿಡದ ಅವನು ಅವನ್ನು ಅಲ್ಲಿಗೆ ಹೋಗಿ ನೋಡುವ ಹಾಗೂ ಇರಲಿಲ್ಲ. ಕ್ಲೇ ವಿದ್ಯಾರ್ಥಿಯನ್ನು ಬಿಟ್ಟು ಮಗುವನ್ನು ಇಟ್ಟುಕೊಂಡರೆ, ಪಿಕಾಸೊ ಇಬ್ಬರನ್ನೂ ಊರಿಗೆ ಕೊಟ್ಟು ತಾನು ಮುಂದೆ ನಡೆದನು. ಎರಡರಲ್ಲಿ ಎರಡನೆಯದೇ ಹೆಚ್ಚು ಪ್ರಾಮಾಣಿಕವೆಂದು ತೋರುತ್ತದೆ, ಮೊದಲನೆಯದು ಹೆಚ್ಚು ಫಲ ಕೊಟ್ಟಿತೆಂಬುದನ್ನು ಒಪ್ಪಿಕೊಂಡೂ.

ತಾನೇ ಬರೆದ ಚಿತ್ರವನ್ನು ಮತ್ತೆ ನೋಡುವುದರಲ್ಲಿ ಒಂದು ಅಪಾಯವೂ ಇದೆ. ಅದನ್ನು ಕಾಳಿದಾಸನಷ್ಟು ಸೂಕ್ಷ್ಮವಾಗಿ ಕಂಡವರು ವಿರಳ. ‘ಅಭಿಜ್ಞಾನ ಶಾಕುಂತಲ’ದ ಆರನೆಯ ಅಂಕದಲ್ಲಿ ಉಂಗುರ ಸಿಕ್ಕಿ ನೆನಪು ಮರಳಿದ ದುಷ್ಯಂತನು ತಾನು ಬರೆದ ಶಕುಂತಲೆಯ ಚಿತ್ರಪಟವನ್ನು ತರಿಸಿ ನೋಡುತ್ತಾನೆ. ಗೆರೆಗಳ ಅಂಚಿನಲ್ಲಿ ಬೆವರಿದ ಬೆರಳಿನ ಕಲೆ, ಚಿತ್ರದ ಕೆನ್ನೆಯ ಮೇಲೆ ತನ್ನ ಕಣ್ಣೀರು ಬಿದ್ದು ಬಣ್ಣ ಉಬ್ಬಿದ ಗುರುತು ಅವನಿಗೆ ಕಾಣುತ್ತವೆ. ಚಿತ್ರದಲ್ಲಿ ಅವಳಷ್ಟೇ ಅಲ್ಲ, ಬರೆದಾಗಿನ ಅವನೂ ಇದ್ದಾನೆ. ಮಾಲಿನೀ ನದಿಯ ಮರಳ ದಂಡೆ, ಹಂಸದ ಜೋಡಿ, ಹಿಮಾಲಯದ ತಪ್ಪಲು, ನಾರುಮಡಿ ತೂಗುವ ಮರ, ಗಂಡುಜಿಂಕೆಯ ಕೊಂಬಿಗೆ ಕಣ್ಣು ಉಜ್ಜಿಕೊಳ್ಳುವ ಹೆಣ್ಣುಜಿಂಕೆ ಇನ್ನೂ ಬರೆಯಬೇಕಾಗಿವೆ ಎಂದು ಅವನು ಹೇಳುವಾಗ, ಹಳೆಯ ಚಿತ್ರ ಹೊಸ ಕಲ್ಪನೆಯನ್ನು ಎಬ್ಬಿಸುವ ಬಗೆ ಕಣ್ಣಿಗೆ ಕಟ್ಟುತ್ತದೆ. ಆದರೆ ಕ್ಷಣದಲ್ಲೇ ಅವನು ಚಿತ್ರದ ದುಂಬಿಯನ್ನು ನಿಜದ ದುಂಬಿಯೆಂದು ಬಗೆದು ಗದರಿಸುತ್ತಾನೆ, ವಿದೂಷಕನು ಅದು ಚಿತ್ರವೆಂದು ನೆನಪಿಸಬೇಕಾಗುತ್ತದೆ. ಗುರುತಿಸುವಿಕೆ ಮತ್ತು ಭ್ರಮೆ ಇಷ್ಟು ಅಕ್ಕಪಕ್ಕದಲ್ಲಿವೆ. ಬಾಲ್ಯದ ಚಿತ್ರವನ್ನು ನೋಡುತ್ತ ಬಾಲ್ಯವೇ ಮರಳಿತೆಂದು ನಂಬುವ ಕಲಾವಿದನು ದುಷ್ಯಂತನ ಎರಡನೆಯ ಸ್ಥಿತಿಯಲ್ಲಿದ್ದಾನೆ. ಅಲ್ಲಿ ಚಿತ್ರವನ್ನು ಮುಂದುವರಿಸುವ ಕೈ ನಿಂತುಹೋಗುತ್ತದೆ.

ಹಳೆಯ ಚಿತ್ರಗಳೇ ಉಳಿಯದವರ ಮಾತೇನು ಎಂಬ ಪ್ರಶ್ನೆಯನ್ನೂ ಇಲ್ಲಿ ಎತ್ತಬೇಕಾಗುತ್ತದೆ. ಕ್ಲೇಯ ಮನೆಯಲ್ಲಿ ಕಾಗದವಿತ್ತು, ಕಾಪಿಡುವ ಹವ್ಯಾಸವೂ ಇತ್ತು. ಕಳೆದ ಶತಮಾನದ ಬಹುಭಾಗ ಕರ್ನಾಟಕದ ಮಕ್ಕಳು ಚಿತ್ರ ಬಿಡಿಸಿದ್ದು ಸ್ಲೇಟಿನ ಮೇಲೆ ಬಳಪದಿಂದ, ಗೋಡೆಯ ಮೇಲೆ ಇದ್ದಿಲಿನಿಂದ, ಅಂಗಳದಲ್ಲಿ ರಂಗೋಲಿಯ ಹಿಟ್ಟಿನಿಂದ. ಮುಂದಿನ ಲೆಕ್ಕಕ್ಕೆ ಜಾಗ ಬೇಕಾದಾಗ ಸ್ಲೇಟನ್ನು ಅಂಗೈಯಿಂದ ಒರೆಸಿ, ಬೆಳಗಿನ ನೀರು ಚಿಮುಕಿಸಿ, ಹಬ್ಬದ ಸುಣ್ಣ ಬಳಿದು ಅವೆಲ್ಲ ಅಳಿದವು. ಇಲ್ಲಿ ಯೋಗದರ್ಶನದ ಉತ್ತರವೊಂದಿದೆ. ಪತಂಜಲಿಯ ಯೋಗಸೂತ್ರಗಳ ಕೈವಲ್ಯಪಾದವು, ಜನ್ಮ, ದೇಶ, ಕಾಲಗಳ ಅಂತರವಿದ್ದರೂ ವಾಸನೆಗಳು, ಎಂದರೆ ಚಿತ್ತದಲ್ಲಿ ನೆಲೆಸಿದ ಹಳೆಯ ಒಲವುಗಳು, ಎಡೆಬಿಡದೆ ಸಾಗುತ್ತವೆ, ಏಕೆಂದರೆ ಸ್ಮೃತಿಯೂ ಸಂಸ್ಕಾರವೂ ಒಂದೇ ಸ್ವರೂಪದವು ಎಂದು ಹೇಳುತ್ತದೆ. ಈ ನಿಲುವಿನಂತೆ ಕಾಗದ ಅನಿವಾರ್ಯವಲ್ಲ. ಒರೆಸಿದ ಗೆರೆ ಕೈಯಲ್ಲಿ ಉಳಿದಿರುತ್ತದೆ. ಇದರಲ್ಲಿ ಸತ್ಯಾಂಶವಿದ್ದರೂ ಸಮಾಧಾನ ಪೂರ್ತಿಯಾಗದು. ವಾಸನೆ ತಾನಾಗಿ ಕೆಲಸ ಮಾಡುತ್ತದೆ, ಪ್ರತ್ಯಭಿಜ್ಞೆಗೆ ಎದುರಿಗೊಂದು ವಸ್ತು ಬೇಕು. ಸ್ಲೇಟಿನ ಮಗು ದೊಡ್ಡವನಾದಾಗ ಹಳೆಯ ಒಲವಿನಿಂದ ಬರೆಯಬಲ್ಲನು, ಆದರೆ ಅದು ಹಳೆಯದೆಂದು ಗುರುತಿಸಲಾರನು. ಅವನಿಗೆ ಉಳಿಯುವ ದಾರಿ ಬೇರೆ ಮಕ್ಕಳ ಚಿತ್ರಗಳನ್ನು ನೋಡುವುದು. 1912ರಲ್ಲಿ ಮ್ಯೂನಿಕ್‌ನ ‘ನೀಲಿ ಸವಾರ’ ಗುಂಪಿನವರು ತಮ್ಮ ಸಂಕಲನದಲ್ಲಿ ಮಕ್ಕಳ ಚಿತ್ರಗಳನ್ನು ಅಚ್ಚುಹಾಕಿದ್ದರು. ಕ್ಲೇ ಕೂಡ ಅದೇ ವರ್ಷ ಆ ಗುಂಪಿನ ಪ್ರದರ್ಶನದ ಬಗ್ಗೆ ಬರೆಯುತ್ತ, ಕಲೆಯ ಮೊದಲ ಮೊಳಕೆಗಳು ಜನಾಂಗ ಸಂಗ್ರಹಾಲಯಗಳಲ್ಲಿಯೂ ಮನೆಯ ಮಕ್ಕಳ ಕೋಣೆಯಲ್ಲಿಯೂ ಸಿಗುತ್ತವೆ ಎಂಬ ಅಭಿಪ್ರಾಯ ತಿಳಿಸಿದ್ದನು. ಆಗ ಅವನ ಮಗ ಫೆಲಿಕ್ಸ್‌ಗೆ ನಾಲ್ಕು ವರ್ಷ.

ಮಗುತನ ಕಲೆಯ ಮಾನದಂಡವಾದೊಡನೆ ಅದು ಪ್ರದರ್ಶನದ ವಸ್ತುವೂ ಆಗುತ್ತದೆ ಎಂಬುದು ಈ ಇಡೀ ವಿಷಯದ ಒಳಗಿನ ವಿರೋಧಾಭಾಸ. ತೋರಿಸಿಕೊಳ್ಳದಿರುವುದೇ ಬಾಲ್ಯವಾದರೆ, ಬಾಲ್ಯವನ್ನು ಕ್ರಮಸಂಖ್ಯೆ ಹಾಕಿ ಪಟ್ಟಿಗೆ ಸೇರಿಸುವುದು ಆ ಬಾಲ್ಯಕ್ಕೇ ವಿರುದ್ಧವಲ್ಲವೇ? ಶಂಕರರು ದಂಭವೆಂದು ಕರೆದದ್ದು ವಿದ್ಯೆಯ ದಂಭವನ್ನು. ಮುಗ್ಧತೆಯ ದಂಭವೆಂಬುದೂ ಒಂದಿದೆ, ಮತ್ತು ಇಪ್ಪತ್ತನೆಯ ಶತಮಾನದ ಕಲೆ ಅದನ್ನು ಸಾಕಷ್ಟು ಬೆಳೆಸಿದೆ. ಮಗುತನಕ್ಕೆ ಹತ್ತಿರವಾದದ್ದರ ಬೆಲೆಯನ್ನು ಕ್ಲೇ ಇನ್ನೊಂದು ಕಡೆಯಿಂದ ತೆರಬೇಕಾಗಿ ಬಂತು. 1933ರಲ್ಲಿ ನಾಜಿಗಳು ಅವನನ್ನು ಡ್ಯುಸೆಲ್‌ಡಾರ್ಫ್ ಅಕಾಡೆಮಿಯ ಹುದ್ದೆಯಿಂದ ತೆಗೆದುಹಾಕಿ, 1937ರಲ್ಲಿ ಮ್ಯೂನಿಕ್‌ನಲ್ಲಿ ನಡೆಸಿದ ‘ಭ್ರಷ್ಟ ಕಲೆ’ ಎಂಬ ನಿಂದನೆಯ ಪ್ರದರ್ಶನದಲ್ಲಿ ಅವನ 17 ಕೃತಿಗಳನ್ನು ತೂಗುಹಾಕಿದರು. ಮಗುವಿನ ಗೀಚು ಎಂಬುದು ಅಲ್ಲಿ ಬೈಗುಳ. ಬರ್ನ್‌ಗೆ ಮರಳಿದ ಕ್ಲೇ ಚರ್ಮವನ್ನು ಬಿಗಿಗೊಳಿಸುವ ಸ್ಕ್ಲೆರೋಡರ್ಮಾ ಎಂಬ ರೋಗಕ್ಕೆ ತುತ್ತಾಗಿದ್ದರೂ, 1939ರ ಒಂದೇ ವರ್ಷದಲ್ಲಿ 1,253 ಕೃತಿಗಳನ್ನು ಪಟ್ಟಿಗೆ ಸೇರಿಸಿದನು. ಅವುಗಳಲ್ಲಿನ ದೇವದೂತರ ಸರಣಿಯ ರೇಖಾಚಿತ್ರಗಳು ಅವನ ಬಾಲ್ಯದ ಚಿತ್ರಗಳಿಗೆ ಮಿಕ್ಕೆಲ್ಲಕ್ಕಿಂತ ಸಮೀಪ ನಿಲ್ಲುತ್ತವೆ: ಅಂಕುಡೊಂಕಾದ, ಕೈ ಎತ್ತದೆ ಎಳೆದ ಗೆರೆ, ಅರೆಬರೆ ರೆಕ್ಕೆ, ಎಲ್ಲೆಲ್ಲೋ ಕೂತ ಕಣ್ಣು. ಇವುಗಳಲ್ಲಿ ಮುಗ್ಧತೆಯ ಪ್ರದರ್ಶನ ಕಾಣುವುದಿಲ್ಲ, ಏಕೆಂದರೆ ದೇವದೂತರು ಇಲ್ಲಿ ಮುಗ್ಧರಲ್ಲ. ಮರೆವಿನವರು, ಕುರೂಪಿಗಳು, ಇನ್ನೂ ಪೂರ್ತಿ ದೇವದೂತರಾಗದವರು.

ಕ್ಲೇ 1940ರಲ್ಲಿ ತೀರಿಕೊಂಡ ಬಳಿಕ, ಅವನು ಹೊರಗಿಟ್ಟದ್ದು ಹೊರಗೇ ಉಳಿಯಲಿಲ್ಲ. 1998ರಿಂದ 2004ರವರೆಗೆ ಒಂಬತ್ತು ಸಂಪುಟಗಳಲ್ಲಿ ಪ್ರಕಟವಾದ ಅವನ ಕೃತಿಗಳ ಸಮಗ್ರ ಸೂಚಿಯ ಮೊದಲ ಸಂಪುಟ 1883ರಿಂದ 1912ರವರೆಗಿನ ಕಾಲವನ್ನು ಒಳಗೊಂಡಿದ್ದು, ಅವನ ಸ್ವಂತ ಪಟ್ಟಿಯಲ್ಲಿ ಇಲ್ಲದ ಅಭ್ಯಾಸಚಿತ್ರಗಳೂ ಅದರಲ್ಲಿ ಮಗುವಿನ ಚಿತ್ರಗಳ ಜೊತೆಗೇ ಸ್ಥಾನ ಪಡೆದಿವೆ. ಹಿಂದಿನ ಅರಿವನ್ನೂ ಇಂದಿನ ಅರಿವನ್ನೂ ಜೋಡಿಸಬಲ್ಲವನು ಎರಡನ್ನೂ ತನ್ನೊಳಗೆ ಹಿಡಿದ ಒಬ್ಬನೇ ಜ್ಞಾತೃ, ಎಂದರೆ ಅರಿಯುವವನು, ಎಂಬುದು ಉತ್ಪಲದೇವನ ಸಿದ್ಧಾಂತ. ಇಲ್ಲಿ ಆ ಜ್ಞಾತೃ ಜೋಡಿಸಲು ಒಪ್ಪದೆ ಬಿಟ್ಟುಹೋದ ವಿದ್ಯಾರ್ಥಿಯನ್ನು ಮಗುವಿಗೂ ಮುದುಕನಿಗೂ ನಡುವೆ ಕೂರಿಸಿದವರು ಬೇರೆ ಜನ. ವಿಶ್ವದ ಎಲ್ಲ ಜ್ಞಾತೃಗಳೂ ಕೊನೆಗೆ ಒಂದೇ ಎನ್ನುವ ಉತ್ಪಲದೇವನ ಶೈವಾದ್ವೈತಕ್ಕೆ ಇದು ತೊಡಕಾಗಲಾರದು. ಪ್ರತಿಯೊಬ್ಬನಿಗೂ ಬೇರೆ ಬೇರೆ ಆತ್ಮವನ್ನು ಒಪ್ಪುವ ನೈಯಾಯಿಕನು ಮಾತ್ರ ಇದಕ್ಕೆ ಬೇರೆ ಉತ್ತರವನ್ನು ಹುಡುಕಬೇಕಾಗುತ್ತದೆ.